ಚಿಗರಿ ಎಣಿಸಲು ಎತ್ತಿನ ಗಾಡಿ

ಬಯಲಿನಲ್ಲಿ ಒಂದು ಹಿಡಿ ಹಿಕ್ಕೆ ಎತ್ತಿ ಬೆರಳಲ್ಲಿ ಒತ್ತಿ ನೋಡಿದರೆ ಸಾಕು, ಅದನ್ನು ಹಾಕಿದ ಚಿಗರಿ ಬಂದದ್ದು ಇವತ್ತು ಬೆಳಿಗ್ಗೆಯೋ ನಿನ್ನೆ ಸಂಜೆಯೋ ಎಂದು ಮಚ್ಛೇಂದ್ರ ಹೇಳುತ್ತಿದ್ದರು. ಬೀದರ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಬೀದರ, ಭಾಲ್ಕಿ, ಔರಾದ ತಾಲೂಕುಗಳಲ್ಲಿ ಮೂವತ್ತು ವರ್ಷ ಅವುಗಳನ್ನು ಎಣಿಸಿದ ಈ ಜೀವವಿಜ್ಞಾನಿಯ ನೌಕರಿ ಎರಡನೇ ವರ್ಷವೇ ಮುಗಿಯುವುದರಲ್ಲಿತ್ತು.

ಅವರ ಅಜ್ಜ ನರಸಿಂಗ ಔರಾದ ಕಡೆಯ ಒಬ್ಬ ಜಾಗೀರದಾರನ ಬಳಿ ಗಾಡಿ ಹೊಡೆಯುತ್ತಿದ್ದವರು. ಆ ಗಾಡಿಯಲ್ಲಿ ಬೇಟೆಗೆ ಪಳಗಿಸಿದ ಚೀತಾ ಕೂತಿರುತ್ತಿತ್ತು. ದಿನವೂ ಹೊಲಕ್ಕೆ ಹೋಗುವ ಎತ್ತಿನ ಗಾಡಿಗೆ ಚಿಗರಿ ಹೆದರುವುದಿಲ್ಲ ಎಂಬುದು ಬೇಟೆಗಾರರಿಗೆ ಗೊತ್ತಿತ್ತು. ಮೊಮ್ಮಗ ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದಿ, ಸಮೀಕ್ಷಾ ಸಹಾಯಕನಾಗಿ ಅದೇ ಬಯಲಿಗೆ ಮರಳಿದರು. ಗಂಡು ಚಿಗರಿ ತನ್ನ ಗಡಿಯಲ್ಲಿ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಆ ಗುಡ್ಡೆಗಳನ್ನು ಗುರುತು ಹಾಕುತ್ತ, ಸುತ್ತ ಮೇಯುವ ಹಿಂಡನ್ನು ಎಣಿಸುತ್ತ ಹೋಗಿ, ಔರಾದದ ಬಯಲಿನಲ್ಲಿ ಸುಮಾರು ಅರವತ್ತು ಚಿಗರಿಗಳಿವೆ ಎಂದು ಬರೆದಿಟ್ಟರು.

ಸಾವಿರದ ಒಂಬೈನೂರ ಐವತ್ತಾರರ ನವೆಂಬರಿನಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಜನವರಿಯಲ್ಲಿ ಮೈಸೂರಿನ ಅಧಿಕಾರಿಯೊಬ್ಬರು ಲೆಕ್ಕ ಪರೀಕ್ಷಿಸಲು ಬಂದು, ಎರಡು ದಿನ ಜೀಪಿನಲ್ಲಿ ಬಯಲು ಸುತ್ತಿದರು. ಮೂರನೇ ಬೆಳಿಗ್ಗೆ ಜೀಪಿನ ಬಾನೆಟ್ ಮೇಲೆ ಲೆಕ್ಕ ತುಂಬುವ ನಮೂನೆ ಹರಡಿದರು.

“ನಿಮ್ಮ ಅರವತ್ತು ಎಲ್ಲಿ ಸ್ವಾಮಿ? ಒಂದು ಕೊಂಬೂ ಕಾಣಲಿಲ್ಲ. ‘ಇಲ್ಲ’ ಅಂತ ಬರೀತೀನಿ.” ಪೆನ್ಸಿಲಿನಲ್ಲಿ ಬರೆದೂಬಿಟ್ಟರು.

ಅದು ಹಾಗೇ ಮೇಲಕ್ಕೆ ಹೋದರೆ ಬಯಲು ರಕ್ಷಣೆಯ ಪಟ್ಟಿಯಿಂದ ಬಿಟ್ಟುಹೋಗಿ ನೇಗಿಲ ಪಾಲಾಗುತ್ತಿತ್ತು. ಎಣಿಸುವವನ ಹುದ್ದೆಯೂ ಉಳಿಯುತ್ತಿರಲಿಲ್ಲ.

“ಜೀಪಿನ ಸಪ್ಪಳಕ್ಕ ಮೈಲು ದೂರದಾಗೇ ಓಡ್ತಾವ್ರಿ,” ಎಂದರು ಮಚ್ಛೇಂದ್ರ. “ಹಿಂದ ಜೀಪಿನ್ಯಾಗ ಬಂದವ್ರು ಬಂದೂಕ ತಂದಿದ್ರು. ಗಾಡಿ ಕಟ್ಟಿಸ್ತೇನಿ. ಎರಡ ತಾಸು ಕೊಡ್ರಿ.”

ಜೀಪಿನ ಚಾಲಕ ಅಬ್ದುಲ ಮಜೀದ ನಕ್ಕ. “ಸಾಬ್, ನನ್ನ ಗಾಡಿ ಬ್ಯಾಡಂತ, ಎತ್ತಿಂದೇ ಬೇಕಂತ!”

ಆ ಬಯಲಿನಲ್ಲಿ ಕುರಿ ಮೇಯಿಸುವ ಗಂಗುಬಾಯಿ ತನ್ನ ಗಾಡಿ ತಂದಳು. ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಸಾಹೇಬ್ರ, ಟೋಪಿ ತಗೀರಿ. ಕಂಬಳಿ ಹೊದ್ಕೊರಿ.”

“ಏನಮ್ಮ ಇದು, ವಾಸನೆ!”

“ಕುರೀದ್ರಿ. ನಿಮ್ಮ ಸಾಬೂನಿಗಿಂತ ಚೊಲೋ ಅದ. ಮತ್ತ, ಏನ ಕಂಡ್ರೂ ಎದ್ದು ನಿಂದ್ರಬ್ಯಾಡ್ರಿ.”

ಹಿಂಡಿನ ಕಡೆಗೆ ನೇರ ಹೋಗಬಾರದು, ಎಲ್ಲೂ ನಿಲ್ಲಲೂಬಾರದು. ಮಚ್ಛೇಂದ್ರ ಕೈಸನ್ನೆ ಮಾಡಿದಂತೆ ಗಾಡಿ ಓರೆಯಾಗಿ ಸುತ್ತುತ್ತ, ಸುತ್ತು ಕಿರಿದಾಗುತ್ತ ಸಾಗಿತು. ದಿಬ್ಬ ದಾಟಿದ್ದೇ ತಡ, ಎದುರಿಗೆ ಚಿಗರಿಗಳು! ಕಪ್ಪು ಬೆನ್ನಿನ ಗಂಡು ತಿರುಚಿದ ಕೊಂಬು ಹಿಂದಕ್ಕೆ ಚಾಚಿ ನಿಂತಿತ್ತು. ಹೆಣ್ಣುಗಳು ಗಾಡಿಯನ್ನೊಮ್ಮೆ ನೋಡಿ ಮತ್ತೆ ಮೇವಿಗೆ ಬಗ್ಗಿದವು. ಮಚ್ಛೇಂದ್ರ ಒಂದು ಜೇಬಿನ ಕಲ್ಲುಹರಳುಗಳನ್ನು ಚಿಗರಿಗೊಂದರಂತೆ ಇನ್ನೊಂದು ಜೇಬಿಗೆ ಹಾಕತೊಡಗಿದರು. ನಲವತ್ತು. ನಲವತ್ತೊಂದು. ಅಲ್ಲಿಗೆ ನಿಂತಿತು. ಇನ್ನೂ ಹತ್ತೊಂಬತ್ತು ಕಾಣಬೇಕಿತ್ತು.

“ಅಯ್ಯೋ, ಎಷ್ಟು ಹತ್ತಿರ!” ಅಧಿಕಾರಿ ಕಂಬಳಿ ಕೊಡವಿ ಎದ್ದು ನಿಂತೇಬಿಟ್ಟರು.

“ನಿಂದ್ರಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ!” ಗಂಗುಬಾಯಿ ಚೀರಿದಳು.

ಗಂಡು ನೆಗೆಯಿತು. ಹಿಂಡು ಚಿಮ್ಮಿತು. ಅದರೊಂದಿಗೆ ಹುಲ್ಲಿನಲ್ಲಿ ಮಲಗಿದ್ದ, ಯಾರ ಕಣ್ಣಿಗೂ ಬೀಳದಿದ್ದ ತಾಯಿಗಳೂ ಮರಿಗಳೂ ಎದ್ದವು. ಎಲ್ಲವೂ ಒಂದೇ ಸಾಲಾಗಿ, ಒಂದರ ಹಿಂದೆ ಒಂದು ಗಾಳಿಯಲ್ಲಿ ತೇಲಿದವು.

“ಓಡ್ಲಿ ಬಿಡ್ರಿ, ಎಣಸ್ರಿ! ಈಗೇ ಎಣಸ್ರಿ!” ಎಂದು ಮಚ್ಛೇಂದ್ರ ಕೂಗಿದರು.

ಧೂಳು ಇಳಿದಾಗ ಅಧಿಕಾರಿಯ ಉಸಿರು ಏರುತ್ತಿತ್ತು. “ಐವತ್ತೆಂಟು!”

ಮಚ್ಛೇಂದ್ರರ ಜೇಬಿನಲ್ಲಿ ಅರವತ್ತು ಹರಳಿದ್ದವು. “ಎರಡು ಹೆಣ್ಣು ಜ್ವಾಳದಾಗ ಹೊಕ್ಕಾವ್ರಿ.”

ಅಧಿಕಾರಿ ಜೇಬಿನಿಂದ ನಮೂನೆ ತೆಗೆದು, ಪೆನ್ಸಿಲಿನಲ್ಲಿ ಬರೆದಿದ್ದ ‘ಇಲ್ಲ’ವನ್ನು ಹೊಡೆದುಹಾಕಿ ಐವತ್ತೆಂಟು ಎಂದು ಬರೆದರು. ಜೋಳದ ಹೊಲದ ಕಡೆ ನೋಡಿದರು. ಆಮೇಲೆ ಕಂಬಳಿಯನ್ನು ತಾವೇ ಎತ್ತಿ ಹೊದ್ದುಕೊಂಡು ಕೂತರು.

“ನಡಿಯಮ್ಮ, ಇನ್ನೊಂದು ಸುತ್ತು. ಆ ಎರಡನ್ನೂ ನಾನು ನೋಡಬೇಕು.”