ಕಣದಲ್ಲಿ ಅಡ್ಡ ಹಿಡಿದ ಪೊರಕೆ

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಪಕ್ಕದ ತೋಟದಲ್ಲಿ ಪಟಾಕಿ ಸಿಡಿಯಿತು. ಹೆತ್ತೂರು ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅವರ ತೋಟಕ್ಕೆ ಆನೆ ಬಂದಿದೆ, ಇನ್ನು ನಮ್ಮಲ್ಲಿಗೆ ಬರುತ್ತದೆ. ನಾವೂ ಹಾಗೆಯೇ ಮಾಡುವವರು. ಪಟಾಕಿ ಹಚ್ಚಿ, ತಗಡು ಬಡಿದು, ಆನೆಯನ್ನು ಬೇಲಿಯಾಚೆ ದಾಟಿಸಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತೇವೆ. ಆಮೇಲೆ ಅದು ಯಾರ ಅಂಗಳಕ್ಕೆ ಹೋಯಿತೆಂದು ಕೇಳುವುದಿಲ್ಲ.

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಕೆಳಗೆ, ಕಾಫಿ ಒಣಗಿಸುವ ಸಿಮೆಂಟಿನ ಕಣದ ನಡುವೆ ಅತ್ತೆ ಪೊರಕೆ ಹಿಡಿದು ನಿಂತಿದ್ದರು. ಈ ತುದಿಯಲ್ಲಿ, ಮೆಟ್ಟಿಲ ಬಳಿ, ನಮ್ಮ ಅತಿಥಿ. ಅವರ ಕೈಯಲ್ಲೂ ಪೊರಕೆ. ಇಬ್ಬರೂ ಆಟವಾಡುತ್ತಿದ್ದರು.

ಅತಿಥಿ ಸ್ವೀಡನ್ನಿನವರು, ವಯಸ್ಸು ಅರವತ್ತರ ಹತ್ತಿರ. ನಮ್ಮ ಹೋಂಸ್ಟೇಗೆ ಒಂದು ವಾರಕ್ಕೆಂದು ಬಂದು, ಕಾಫಿ ಕೊಯ್ಲು ಮುಗಿಯುವವರೆಗೂ ಇರುತ್ತೇನೆಂದು ಉಳಿದುಕೊಂಡಿದ್ದರು. ಮಂಜುಗಡ್ಡೆಯ ಮೇಲೆ ಭಾರದ ಕಲ್ಲು ಜಾರಿಸುವ ಕರ್ಲಿಂಗ್ ಎಂಬ ಆಟದಲ್ಲಿ ತಮ್ಮ ದೇಶದ ಪರವಾಗಿ ಆಡಿದ್ದವರು. ಮಂಡಿ ಕೈಕೊಟ್ಟ ಮೇಲೆ ಟಿವಿಯಲ್ಲಿ ಚಳಿಗಾಲದ ಆಟಗಳಿಗೆ ವೀಕ್ಷಕ ವಿವರಣೆ ಹೇಳುತ್ತಿದ್ದರು. ಕಳೆದ ವರ್ಷ ಅದೂ ನಿಂತಿತು. "ಮನೆಯಲ್ಲಿ ಒಬ್ಬಳೇ ಇದ್ದಾಗಲೂ ಬಾಯಿ ತಾನಾಗಿ ಹೇಳುತ್ತಿರುತ್ತದೆ, ನೀರು ಬಿಸಿಯಾಗುತ್ತಿದೆ, ಈಗ ಕುದಿಯಿತು ಅಂತ. ಕೇಳುವವರು ಮಾತ್ರ ಇಲ್ಲ" ಎಂದು ನನ್ನ ಬಳಿ ನಕ್ಕಿದ್ದರು.

ಅತ್ತೆ ಕಣ ಗುಡಿಸುವುದನ್ನು ಮೊದಲ ಬೆಳಿಗ್ಗೆ ಕಂಡಾಗ ಅವರು ಅಲ್ಲೇ ನಿಂತುಬಿಟ್ಟರು. ಅವರ ಆಟದಲ್ಲೂ ಪೊರಕೆ ಇದೆಯಂತೆ. ಒಬ್ಬರು ಕಲ್ಲು ಬಿಟ್ಟರೆ ಇಬ್ಬರು ಅದರ ಮುಂದೆ ಗುಡಿಸುತ್ತ ಓಡುತ್ತಾರೆ. ಗುಡಿಸಿದಷ್ಟೂ ಕಲ್ಲು ದೂರ ಹೋಗುತ್ತದೆ. ಅತ್ತೆಗೆ ಇದನ್ನು ತಿಳಿಸಿದೆ.

"ಕಲ್ಲು ಹೋಗಕ್ಕೆ ದಾರಿ ಗುಡಿಸ್ಕೊಡ್ತಾರಾ? ಅದೇನು ಮದ್ವೆ ದಿಬ್ಬಣವೇನೇ?" ಅಂದರು ಅತ್ತೆ. "ಅದುಕ್ಕೆ ಸಂಬಳ ಐತಾ ಕೇಳು. ಈ ಮನೇಲಿ ನಾನು ಬಿಟ್ಟಿ ಗುಡಿಸ್ತಾವ್ನಿ."

ಮಾರನೆಯ ದಿನದಿಂದ ಆಟ ಶುರುವಾಯಿತು. ಹಳೆಯ ಅಲ್ಯೂಮಿನಿಯಂ ಡಬರಿಗೆ ಮರಳು ತುಂಬಿ, ಕಣದ ಖಾಲಿ ಭಾಗಕ್ಕೆ ಸೋಪಿನ ನೀರು ಚೆಲ್ಲಿ ಜಾರಿಸುತ್ತಿದ್ದರು. ಗುರಿಗೆಂದು ಅತ್ತೆ ರಂಗೋಲಿಯಲ್ಲಿ ದೊಡ್ಡ ಸುತ್ತುಗಳನ್ನು ಬರೆದರು. ಅತಿಥಿ ಪೊರಕೆಯನ್ನು ನೆಲಕ್ಕೆ ಕುಟ್ಟಿದರೆ ಗುಡಿಸಬೇಕು. ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಅಡ್ಡ ಹಿಡಿದು "ಬಿಡಿ, ಅಮ್ಮ" ಅಂದರೆ ನಿಲ್ಲಿಸಬೇಕು, ಕಲ್ಲು ತಾನಾಗಿ ಹೋಗಲಿ ಎಂದು. ಆ ಮಾತನ್ನು ಅತ್ತೆಯೇ ಕಲಿಸಿದ್ದರು. ಆದರೆ ಅವರು ಒಮ್ಮೆಯೂ ನಿಲ್ಲಿಸಿದವರಲ್ಲ. ಡಬರಿ ಚರಂಡಿಗೆ ಬೀಳುವವರೆಗೂ ಗುಡಿಸುತ್ತಿದ್ದರು. "ಕೈಯಲ್ಲಿ ಪೊರಕೆ ಹಿಡ್ಕಂಡು ಸುಮ್ನೆ ನಿಂತ್ಕೊಳದು ಹೆಂಗೆ ಮಾರಾಯ್ತಿ?"

ಪಟಾಕಿಗೆ ಬೆದರಿದ ಆನೆ ಕಾಫಿ ಗಿಡಗಳ ನಡುವಿನಿಂದ ನೇರ ಕಣಕ್ಕೇ ಹತ್ತಿತು. ಒಂಟಿ ಸಲಗ. ಅತ್ತೆಗೂ ಮೆಟ್ಟಿಲಿಗೂ ನಡುವೆ ಬಂದು ನಿಂತಿತು. ಕೋಳಿ, ನಾಯಿ, ಮಂಗ, ಕಣಕ್ಕೆ ಏನೇ ಬಂದರೂ ಅತ್ತೆ ಪೊರಕೆ ಎತ್ತಿ ಅಟ್ಟುವವರು. ಆಗಲೂ ಎತ್ತಿದರು. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆನೆಯಲ್ಲ, ಮೇಲೆತ್ತಿದ ಆ ಪೊರಕೆ. ಆಚೆ ಕೂಲಿಯಾಳುಗಳ ಲೈನ್ ಮನೆಗಳ ಕಡೆಯಿಂದ, ತೋಟದ ಲೆಕ್ಕ ಬರೆಯುವ ರೈಟರು ಓಡಿ ಬಂದರು, ಕೈಯಲ್ಲಿ ಪಟಾಕಿ ಸರ. "ಅಮ್ಮಾರೇ, ಓಡ್ರೀ!" ಆನೆಯ ಕಿವಿಗಳು ಅಗಲವಾದವು.

ಅತಿಥಿ ಪೊರಕೆಯನ್ನು ಅಡ್ಡ ಹಿಡಿದರು. ಮೊದಲು ರೈಟರ ಕಡೆಗೆ, ಆಮೇಲೆ ಅತ್ತೆಯ ಕಡೆಗೆ. "ಬಿಡಿ, ಅಮ್ಮ. ಬಿಡಿ." ಕೂಗಿ ಹೇಳಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ತಮ್ಮ ಭಾಷೆಯಲ್ಲಿ, ಒಂದೇ ಸಮನೆ ಏನನ್ನೋ ಹೇಳುತ್ತ ಹೋದರು. ಆನೆ ಎಷ್ಟು ದೂರದಲ್ಲಿದೆ, ಯಾವ ಕಡೆ ತಿರುಗುತ್ತಿದೆ ಎಂದು ವಿವರಣೆ ಹೇಳುತ್ತಿದ್ದರಂತೆ. "ಹೇಳುತ್ತಿರುವಷ್ಟು ಹೊತ್ತು ನನ್ನ ಕಾಲು ನಡುಗುವುದಿಲ್ಲ" ಎಂದು ಆಮೇಲೆ ತಿಳಿಸಿದರು.

ಅತ್ತೆ ಆ ಅಡ್ಡ ಪೊರಕೆಯನ್ನೇ ನೋಡಿದರು. ಅವರ ಕೈ ಮೆಲ್ಲನೆ ಇಳಿಯಿತು. ಮೊದಲ ಸಲ, ಹೇಳಿದಾಗ ನಿಂತರು. ರೈಟರು ಕಡ್ಡಿ ಗೀರಲಿಲ್ಲ. ಆನೆ ಸೊಂಡಿಲೆತ್ತಿ ಗಾಳಿ ಮೂಸಿತು, ರಂಗೋಲಿಯ ನಡುವೆ ಕೆಸರುಗಾಲಿಟ್ಟು ಕಣ ದಾಟಿ ಕೆರೆಯ ಕಡೆಗೆ ಇಳಿದು ಹೋಯಿತು.

"ಹೋಗ್ಬುಡ್ತಾ?" ಎಂದು ಕೇಳಿದ ಅತ್ತೆ ಇದ್ದಲ್ಲೇ ಕುಸಿದು ಕೂತರು.

ಆಮೇಲೆ ನಮ್ಮ ಮೂವರಿಗೂ ರಾತ್ರಿ ನಿದ್ದೆ ಬರದಾಯಿತು. ರೈಟರು ಕಡ್ಡಿ ಗೀರಿದ್ದರೆ, ಪೊರಕೆ ಇನ್ನೊಂದು ಗೇಣು ಮೇಲೆದ್ದಿದ್ದರೆ ಎಂದು ನಾನು ಮತ್ತೆ ಮತ್ತೆ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದೆ. ಸಿಲ್ವರ್ ಮರದ ಎಲೆ ಬಿದ್ದರೂ ಅತ್ತೆ ಎದ್ದು ಕೂರುತ್ತಿದ್ದರು. ಅತಿಥಿಯ ಕೋಣೆಯಲ್ಲಿ ದೀಪ ಆರುತ್ತಿರಲಿಲ್ಲ. ಕಣದಲ್ಲಿ ಆನೆಯ ಹೆಜ್ಜೆ ಹಾಗೇ ಉಳಿದಿತ್ತು. ಅತ್ತೆ ಅದನ್ನು ಗುಡಿಸಲಿಲ್ಲ, ಬೇರೆಯವರನ್ನೂ ಗುಡಿಸಗೊಡಲಿಲ್ಲ. "ಗಣಪತಿ ಹೆಜ್ಜೆ ಕಣೇ, ಇರ್ಲಿ" ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಅವರಿಗೆ ಕಣಕ್ಕೆ ಇಳಿಯಲು ಕಾಲೇ ಬರುತ್ತಿರಲಿಲ್ಲ.

ಒಂದು ಸಂಜೆ ಅತ್ತೆ ತಾವಾಗಿಯೇ ಅತಿಥಿಯ ಹಾಸಿಗೆಯನ್ನು ಹಜಾರಕ್ಕೆ ಎಳೆದು ತಂದರು. "ಮೂರು ಜನ ಮೂರು ಕಡೆ ಎದ್ದಿರದು ಯಾಕೆ? ಒಂದೇ ಕಡೆ ಎದ್ದಿರನ." ಊಟವಾದ ಮೇಲೆ ಅವರ ಕಡೆ ತಿರುಗಿದರು. "ಆನೆಗೆ ಹೇಳ್ದಲ್ಲ, ಹಂಗೆ ನಂಗೂ ಏನಾರ ಹೇಳು ಮಗಾ. ನಿನ್ ಭಾಷೇಲೇ ಹೇಳು." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ತಾವು ಆಡಿದ ಒಂದು ಹಳೆಯ ಪಂದ್ಯದ ವಿವರಣೆ ಎಂದು ನನಗೆ ತಿಳಿಸಿ, ಅತಿಥಿ ಅದನ್ನು ತಮ್ಮ ಭಾಷೆಯಲ್ಲೇ ಕಲ್ಲು ಕಲ್ಲಾಗಿ ಹೇಳತೊಡಗಿದರು. ಕಥೆ ಕೇಳುವವರ ಹಾಗೆ ಅತ್ತೆ ಹೂಂಗುಟ್ಟುತ್ತಿದ್ದರು.

"ಗೆದ್ಯಾ?" ಕೊನೆಗೆ ಅತ್ತೆ ಕೇಳಿದ್ದನ್ನು ನಾನು ತಿರುಗಿಸಿ ಹೇಳಿದೆ.

"ಇಲ್ಲ, ಅಮ್ಮ. ಸೋತೆ."

"ಹೋಗ್ಲಿ, ಬುಡು. ನಾಳೆ ಇನ್ನೊಂದ್ ಸಲ ಹೇಳು."

ಮಾರನೆಯ ದಿನ ಮತ್ತೆ ಹೇಳಿದರು. ಅದರ ಮಾರನೆಯ ದಿನವೂ. ಕೊನೆಗೊಂದು ರಾತ್ರಿ ಅತ್ತೆಯ ಹೂಂಕಾರ ಪಂದ್ಯದ ಅರ್ಧಕ್ಕೇ ನಿಂತುಹೋಯಿತು. ಮುಂದೇನಾಯಿತೋ ನಾನೂ ಕೇಳಲಿಲ್ಲ.

ಎಚ್ಚರವಾದದ್ದು ಗುಡಿಸುವ ಸದ್ದಿಗೆ. ಹಜಾರದೊಳಗೆಲ್ಲ ಬಿಸಿಲು. ಪಕ್ಕದಲ್ಲಿ ಅತಿಥಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಕಿಟಕಿಗೆ ಹೋಗಿ ನೋಡಿದೆ. ಅತ್ತೆ ಒಬ್ಬರೇ ಕಣದಲ್ಲಿದ್ದರು. ಆನೆಯ ಹೆಜ್ಜೆ ಅರ್ಧ ಅಳಿಸಿತ್ತು.

ಅತಿಥಿಯನ್ನು ಎಬ್ಬಿಸಿ ಇದನ್ನು ತೋರಿಸಬೇಕೆಂದು ಒಳಕ್ಕೆ ತಿರುಗಿದೆ.

"ಏಯ್" ಅಂದರು ಅತ್ತೆ ಕೆಳಗಿನಿಂದ, ಮೆಲ್ಲಗೆ. ನೋಡಿದರೆ ಎರಡೂ ಕೈಯಲ್ಲಿ ಪೊರಕೆಯನ್ನು ಎದೆಮಟ್ಟಕ್ಕೆ ಅಡ್ಡ ಹಿಡಿದು ನಿಂತಿದ್ದರು.