ಬುಧವಾರದ ದಾರಿ ಹಿಡಿದ ಬಿಜಲಿ

ಸರ್ದಾರಬೀಗೆ ಹಾವಿನ ಹೆದರಿಕೆಯಿಲ್ಲ, ಕುಡುಕರ ಹೆದರಿಕೆಯಂತೂ ಮೊದಲೇ ಇಲ್ಲ. ಗಂಡ ಹಾಜಿಸಾಬ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ, ಬಳೆ ಪೋಣಿಸಿದ ಮಲಾರವನ್ನು ಮುಂದಿಟ್ಟುಕೊಂಡು, ಬಿಜಲಿಯೆಂಬ ಹೇಸರಗತ್ತೆಯ ಮೇಲೆ ಕೂತು ಏಳು ಹಳ್ಳಿ ಒಬ್ಬಳೇ ತಿರುಗಿದವಳು. ಅಂಥವಳನ್ನು ಒಂಬತ್ತು ದಿನ ನಡುಗಿಸಿದ್ದು ಕೊನೆಯಲ್ಲಿ ಎರಡು ಸೊನ್ನೆಗಳಿದ್ದ ಒಂದು ಫೋನ್ ನಂಬರು.

ಅದು ದನದ ಡಾಕ್ಟರು ಗೋವಿಂದರಾಜರ ನಂಬರು. ದೂರದ ಯಾವುದೋ ಊರಲ್ಲಿ ಕುದುರೆ, ಕತ್ತೆಗಳಿಗೆ ಕೆಟ್ಟ ರೋಗ ಬಂದಿದೆಯೆಂದು ಅವರು ಆ ಮಂಗಳವಾರ ಬಿಜಲಿಯ ರಕ್ತ ತೆಗೆಯಲು ಬಂದಿದ್ದರು. ಬಿಜಲಿಯ ಮೂಗು ಸೋರುತ್ತಿತ್ತು. ಅದನ್ನು ನೋಡಿ ಡಾಕ್ಟರ ಮುಖ ಸಣ್ಣದಾಯಿತು.

“ಆ ರೋಗನ ಆಗಿದ್ರ ಸೂಜಿ ಹಾಕಿ ಜೀವಾ ತಗೀಬೇಕಾಗ್ತೈತಿ. ಔಷಧ ಇಲ್ಲ. ಮನಷ್ಯಾರಿಗೂ ಹತ್ತತೈತಿ. ರಿಪೋರ್ಟ್ ಬಂದಕೂಡಲೆ ನಾನ ಫೋನ್ ಹಚ್ತೀನಿ, ಅಲ್ಲೀತನಕ ಎಲ್ಲಿಗೂ ಹೊಡಕೊಂಡು ಹೋಗಬ್ಯಾಡ್ರಿ.”

ಮನುಷ್ಯರಿಗೂ! ಬಳೆ ಇಡುವವಳೆಂದರೆ ಕಂಡವರ ಕೈ ಹಿಡಿಯುವವಳು. ಗೆಣ್ಣು ಒತ್ತಿ, ಅಂಗೈ ಹಿಂಡಿ, ನೋವಾಗದ ಹಾಗೆ ಬಳೆ ಏರಿಸಬೇಕು. ಹೋದ ಬುಧವಾರವಷ್ಟೇ ಮಂಗಳೂರಿನಲ್ಲಿ ಬಸುರಿ ಹುಲಗೆಮ್ಮನಿಗೆ ಹಸಿರು ಬಳೆ ಇಟ್ಟು ಬಂದಿದ್ದಳು. ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯದು. ಬಿಜಲಿಯ ಮೂಗು ಒರೆಸಿದ್ದೂ ಅದೇ ಕೈ. ಡಾಕ್ಟರು ಬಂದುಹೋದಂದಿನಿಂದ ಸರ್ದಾರಬೀ ಯಾರನ್ನೂ ಮುಟ್ಟಲಿಲ್ಲ. ಕೈ ತೊಳೆದು ತೊಳೆದು ಚರ್ಮ ಸುಲಿಯಿತು.

ಹಿತ್ತಲಲ್ಲಿ ಕಟ್ಟಿದ ಬಿಜಲಿಯನ್ನು ದೂರದಿಂದಲೇ ನೋಡುತ್ತ ಕೂಡುವಳು. ಸಿದ್ದಾಪುರದ ಇಟ್ಟಿಗೆ ಭಟ್ಟಿಯವರು ಮೊಂಡು ಪ್ರಾಣಿಯೆಂದು ಮಾರಿದ್ದು ಅದು. ಮೊದಲ ದಿನವೇ ಅವಳನ್ನು ಜಾಲಿಕಂಟಿಯಲ್ಲಿ ಕೆಡವಿತ್ತು. ಆಮೇಲೆ ಮಾತ್ರ ಅವಳು ಅದರ ಬೆನ್ನ ಮೇಲೆ ತೂಕಡಿಸಿದರೂ ವಾಲಿದ ಕಡೆಗೆ ತಾನೂ ವಾಲಿ ನಡೆಯುತ್ತಿತ್ತು. ಯಾವ ವಾರ ಯಾವ ಊರು, ಯಾವ ಮನೆಯಲ್ಲಿ ಬೆಲ್ಲ, ಎಲ್ಲ ಅದಕ್ಕೆ ಬಾಯಿಪಾಠ. ಸ್ಕೂಟಿ ತಗೋ ಎಂದ ಹುಡುಗಿಯರಿಗೆ, “ನಿಮ್ಮ ಗಾಡಿಮ್ಯಾಲ ನಿದ್ದಿ ಮಾಡಿ ತೋರಸ್ರಿ ನೋಡೂಣು” ಎಂದು ಸವಾಲು ಹಾಕುತ್ತಿದ್ದಳು. ಅಂಥ ಬಿಜಲಿಯ ಕುತ್ತಿಗೆಗೆ ಸೂಜಿ ಚುಚ್ಚುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಎರಡು ಸೊನ್ನೆ. ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಅವಳು ಹಿತ್ತಲಿಗೆ ಓಡಿ ಹಗ್ಗ ಬಿಚ್ಚಿ, “ಹೋಗು, ಎಲ್ಲೆರ ಬದುಕ್ಕೋ ಹೋಗು” ಎಂದಳು. ಅದು ಕದಲಲಿಲ್ಲ. ಎಂದೂ ಹೊಡೆಯದವಳು ಕೈಗೆ ಸಿಕ್ಕ ಬರಲುಕೋಲಿನಿಂದ ಬಾರಿಸಿದಳು. ಬಿಜಲಿ ಬೆಚ್ಚಿ ಓಡಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಜಾಕೀರ ಬೈಕು ನಿಲ್ಲಿಸಿದ. “ಏನ್ ಖಾಲಾ, ನಿಮ್ಮ ಬಿಜಲಿ ತಾನೊಂದ ಮಂಗಳೂರ ದಾರಿ ಹಿಡದೈತಿ? ಹಾಂ, ಇವತ್ತ ಬುಧವಾರ ಅಲ್ಲೇನು!”

ಹೆದರಿದವರ ಮೇಲೆ ಹಾವೆಸೆದಂತಾಯಿತು. ಬದುಕಿಕೋ ಎಂದು ಅಟ್ಟಿದರೆ ಅದು ಬಸುರಿಯ ಬಾಗಿಲಿಗೇ ಹೊರಟಿತ್ತು. ಸರ್ದಾರಬೀ ಬೈಕಿನ ಹಿಂದೆ ಕೂತಳು, ಆದರೆ ಜಾಕೀರನ ಹೆಗಲು ಹಿಡಿಯಲಿಲ್ಲ. ಮಂಗಳೂರಿನ ಊರ ಬಾಗಿಲಲ್ಲೇ ಒಬ್ಬಳು ನಗುತ್ತ ಕೂಗಿದಳು: “ನಿನ್ನ ಹೇಸರಗತ್ತಿ ಬೆಲ್ಲ ತಿಂದು ಮುಂದ ಹೋತು ನೋಡವ್ವಾ!” ಮುಂದಿನ ಮನೆಯಲ್ಲೂ ಅದೇ ಮಾತು.

ಹುಲಗೆಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನಿಸುತ್ತಿದ್ದಳು. ಬಿಜಲಿಯ ಮೂತಿ ಅವಳ ಅಂಗೈಯಲ್ಲಿತ್ತು.

“ಮುಟ್ಟಬ್ಯಾಡ! ಅದಕ್ಕ ರೋಗ ಐತೋ ಏನೋ! ನನ್ನೂ ಮುಟ್ಟಬ್ಯಾಡ!” ಸರ್ದಾರಬೀ ಅಂಗಳದಾಚೆಯೇ ನಿಂತು ಅಳುತ್ತ ಎಲ್ಲವನ್ನೂ ಹೇಳಿದಳು.

ಹುಲಗೆಮ್ಮನ ತಾಯಿ ಪಂಪಮ್ಮ ಮಗಳ ಕೈಯನ್ನು ಸೋಪು ಹಚ್ಚಿ ತಿಕ್ಕತೊಡಗಿದಳು. “ಗೊತ್ತಿದ್ದೂ ಬಿಟ್ಟಿಯಾ? ಬಸರಿ ಹೆಣಮಗಳು ಇರೂ ಮನಿಗಿ?”

ಸರ್ದಾರಬೀಯ ಸೊಂಟದಲ್ಲಿದ್ದ ಫೋನು ಮತ್ತೆ ಹೊಡೆದುಕೊಂಡಿತು. ಎರಡು ಸೊನ್ನೆ.

“ಎತ್ತವ್ವಾ,” ಎಂದಳು ಹುಲಗೆಮ್ಮ, ಒದ್ದೆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು. “ಈಗ ನನಗೂ ಗೊತ್ತಾಗಬೇಕು.”

ಎತ್ತಿದಳು. ಡಾಕ್ಟರ ದನಿ ಅಂಗಳದ ತನಕ ಕೇಳಿಸಿತು. “ಮುಂಜಾನಿಂದ ಫೋನ್ ಹಚ್ಚಾಕತ್ತೀನಿ, ಎತ್ತವಲ್ರಿ! ಆ ರೋಗ ಇಲ್ರಿ. ಬರೇ ನೆಗಡಿ ಐತಿ.”

ಸರ್ದಾರಬೀ ಅಲ್ಲೇ ನೆಲದ ಮೇಲೆ ಕೂತಳು. ಪಂಪಮ್ಮ ನೀರು ತಂದು ಮುಂದಿಟ್ಟು ಒಳಗೆ ಹೋದಳು. ಹುಲಗೆಮ್ಮ ಮಾತ್ರ ಇಳಿದು ಬಂದು ಆ ಸುಲಿದ ಕೈಗಳನ್ನು ಹಿಡಿದುಕೊಂಡಳು.

ಬಿಜಲಿ ರೊಟ್ಟಿ ಮುಗಿಸಿ ಹತ್ತಿರ ಬಂತು. ಪಕ್ಕೆಯ ಮೇಲೆ ಬೆಳಗಿನ ಬರೆ ಎದ್ದು ಕಾಣುತ್ತಿತ್ತು. ಹೊರಡುವ ಹೊತ್ತಾಯಿತೆಂದು ಅದು ಎಂದಿನಂತೆ ಅವಳ ಕಡೆಗೆ ಪಕ್ಕೆ ತಿರುಗಿಸಿ, ಅವಳು ಹತ್ತಲೆಂದು ನಿಂತಿತು.