ಖಂಡೆ ಪೂಜೆಗೆ ಬಂದ್ ಆದ ಸ್ವಿಚ್ಚು

ಮೆಣಸಿನಕಾಯಿಯಾಗಿದ್ದರೆ ಫರಹತಳನ್ನು ದುರಗಪ್ಪ ಒಂದೇ ನೋಟಕ್ಕೆ ಬೇರೆ ರಾಶಿಗೆ ಹಾಕಿಬಿಡುತ್ತಿದ್ದರು: ಗಾತ್ರ ಸಣ್ಣದು, ಬಣ್ಣ ಸಾಧಾರಣ, ಖಾರ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು. ಕಂಪ್ಯೂಟರ್ ಕೆಲಸಕ್ಕೆ ಬೆಂಗೇರಿಯಿಂದ ಸ್ಕೂಟಿ ಮೇಲೆ ಬರುವಳು. ಚಹಾ ಕೊಟ್ಟರೆ ಸಕ್ಕರೆ ಜಾಸ್ತಿಯಾಯಿತೆಂದು ಮುಖದ ಮೇಲೇ ಹೇಳುವಳು. ಇಂಥವರು ವ್ಯಾಪಾರಕ್ಕೆ ಆಗುವುದಿಲ್ಲ, ಇಲ್ಲವೇ ಬಹಳ ದೊಡ್ಡ ವ್ಯಾಪಾರ ಮಾಡುತ್ತಾರೆ. ಇವಳು ಯಾವ ಪೈಕಿ ಎಂಬುದೇ ದುರಗಪ್ಪನವರ ಅನುಮಾನ.

ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿ ಕೂದಲು ನೆರೆಸಿಕೊಂಡ ದುರಗಪ್ಪ, ಡಾಕ್ಟರ್ ಅಳಿಯನ ಮಾತು ಕೇಳಿ ವಿದ್ಯಾನಗರದಲ್ಲೊಂದು ಸ್ಕ್ಯಾನಿಂಗ್ ಸೆಂಟರ್ ತೆರೆದಿದ್ದರು. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಹಿಂದಿನ ಕೋಣೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಅದಕ್ಕೂ ಚಿತ್ರಗಳನ್ನು ಪರದೆಗೆ ಕಳಿಸುವ ಸರ್ವರ್ ಕಂಪ್ಯೂಟರಿಗೂ ನಡುವೆ ಒಂದು ಸ್ವಿಚ್ಚು. ದೀಪ ಹಚ್ಚುವ ಸ್ವಿಚ್ಚಲ್ಲ. ಚಿತ್ರಗಳಿಗೆ ದಾರಿ ತೋರಿಸುವ ಚಪ್ಪಟೆ ಪೆಟ್ಟಿಗೆ. ಇವನ್ನೆಲ್ಲ ನೋಡಿಕೊಳ್ಳುವ ಗುತ್ತಿಗೆ ಫರಹತಳದು. ಅದು ಈ ದಸರೆಗೆ ಮುಗಿಯುತ್ತಿತ್ತು. ಅವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ದುರಗಪ್ಪನವರ ಕೈಯಲ್ಲಿತ್ತು.

ಅನುಮಾನ ಹುಟ್ಟಿದ್ದು ಅವಳದೇ ಒಂದು ಮಾತಿನಿಂದ.

“ಕಾಕಾ, ಸ್ವಿಚ್ಚಿನೊಳಗ ಕಂಪನಿಯವರು ತುಂಬಿದ ಸಾಫ್ಟ್‌ವೇರು, ಫರ್ಮ್‌ವೇರ್ ಅಂತಾರಲ್ಲ, ಅದರಾಗ ಒಂದು ಗೊತ್ತಿರೋ ದೋಷ ಐತ್ರಿ. ಮೂರೂ ಪೆಟ್ಟಿಗಿ ಕೂಡೇ ಚಾಲೂ ಮಾಡಿದ್ರ ಅದು ಸ್ಟೋರೇಜಿನ ಗುರ್ತ ಹಿಡಿಯಂಗಿಲ್ಲ. ಮೊದಲ ಸ್ವಿಚ್ಚು, ಅದರ ದೀಪ ಹಸರಾದ ಮ್ಯಾಲ ಸ್ಟೋರೇಜು, ಆಮ್ಯಾಲ ಸರ್ವರು. ನನ್ನ ಕೇಳದ ಬಂದ್ ಮಾಡಬ್ಯಾಡ್ರಿ.”

“ಯಾರಿಗೆ ಗೊತ್ತಿರೋ ದೋಷ ಅದು?”

“ಮಾಡಿದ ಕಂಪನಿಗೇ. ಅವರ ವೆಬ್‌ಸೈಟಿನ್ಯಾಗ ಬರದಾರ.”

ದುರಗಪ್ಪ ನಕ್ಕರು. “ಚೀಲದ ತಳಕ್ಕ ಹಸಿ ಮಾಲ ಐತಿ ಅಂತ ನಾವು ಬೋರ್ಡ್ ಹಚ್ಚಿ ಮಾರಂಗಿಲ್ಲವ್ವಾ. ಗೊತ್ತೈತಿ ಅಂದ್ರ ತಿದ್ದಬೇಕಲ್ಲ?”

“ತಿದ್ದಿದ್ದು ಬಂದೈತ್ರಿ. ಹಾಕಿದ್ರ ನಿಮ್ಮ ಹಳೇ ಸ್ಟೋರೇಜು ಅದಕ್ಕ ಒಗ್ಗಂಗಿಲ್ಲ. ಹೊಸಾ ಪೆಟ್ಟಿಗಿ ತರ್ತೀರೇನು?”

ದುರಗಪ್ಪನವರ ಮನಸ್ಸು ಒಪ್ಪಲಿಲ್ಲ. ದೋಷ ಗೊತ್ತು, ಮದ್ದೂ ಗೊತ್ತು. ಆದರೂ ದೋಷ ಇರಬೇಕು, ಮದ್ದು ಇವಳ ಹತ್ತಿರವೇ ಇರಬೇಕು. ತಕ್ಕಡಿಯನ್ನು ತಾವೇ ಕೆಡಿಸಿ ತಾವೇ ರಿಪೇರಿಗೆ ಬರುವ ಮಹಾನುಭಾವರನ್ನು ಅವರು ಕಂಡಿದ್ದರು. ಸಾಲದ್ದಕ್ಕೆ ಅವಳು ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ‘ಬಂದ್ ಮಾಡಬೇಡಿ’ ಎಂದು ಚೀಟಿ ಅಂಟಿಸಿದ್ದಳು. ಒಳ್ಳೆಯ ಮಾಲನ್ನು ಮುಟ್ಟಬೇಡಿ ಎಂದು ಯಾರಾದರೂ ಹೇಳುತ್ತಾರೆಯೇ?

ಚೀಲ ಚುಚ್ಚಿ ನೋಡದೆ ಬೆಲೆ ಕಟ್ಟುವವರಲ್ಲ ದುರಗಪ್ಪ. ದಸರೆಯ ಆಯುಧ ಪೂಜೆ, ಅಂದರೆ ಖಂಡೆ ಪೂಜೆ, ಬಂತು. ಆ ದಿನ ತಕ್ಕಡಿಯಿಂದ ಟ್ರ್ಯಾಕ್ಟರಿನ ತನಕ ಎಲ್ಲಕ್ಕೂ ವಿಶ್ರಾಂತಿ. ಸೆಂಟರಿಗೆ ರಜೆ ಕೊಟ್ಟು, ಮೂರೂ ಪೆಟ್ಟಿಗೆ ಬಂದ್ ಮಾಡಿಸಿ, ಚೀಟಿಯ ಮೇಲೆಯೇ ವಿಭೂತಿ ಎಳೆದು ಚೆಂಡುಹೂವಿನ ಮಾಲೆ ಹಾಕಿದರು. ಅಳಿಯ ಗೊಣಗಿದ.

“ದೇವರ ಮುಂದ ಯಾವ ಕಂಪನಿ ಮಾತು ನಡೀತೈತ್ರಿ ಡಾಕ್ಟರ್?” ಎಂದು ಬಾಯಿ ಮುಚ್ಚಿಸಿದರು. ಭಕ್ತಿ ಇರಲಿಲ್ಲವೆಂದಲ್ಲ, ಪರೀಕ್ಷೆ ಅದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು.

ಮರುದಿನ ಬೆಳಿಗ್ಗೆ ಮೂರನ್ನೂ ಕೂಡಿಯೇ ಚಾಲೂ ಮಾಡಿದರು. ಪರದೆಯ ಮೇಲೆ ಒಂದೂ ಹಳೆಯ ಚಿತ್ರವಿಲ್ಲ. ಅಳಿಯನೆದುರು ರೋಗಿಯೊಬ್ಬರು ಕೂತಿದ್ದರು; ಹಿಂದಿನ ಸ್ಕ್ಯಾನು ನೋಡದೆ ಅವನು ಏನೂ ಹೇಳುವಂತಿಲ್ಲ. ದುರಗಪ್ಪನವರಿಗೆ ಒಳಗೊಳಗೇ ಗೆದ್ದ ಹಿಗ್ಗು. ಹಬ್ಬದ ದಿನವೂ ತನ್ನ ಕಾಲು ಹಿಡಿಯುವಂತೆ ಇಟ್ಟಿದ್ದಾಳಲ್ಲ! ಮೊದಲು ಗುತ್ತಿಗೆಯ ಮಾತು ಎತ್ತುತ್ತಾಳೆ, ಆಮೇಲೆ ರಿಪೇರಿ, ಎಂದುಕೊಂಡೇ ಫೋನು ಹಚ್ಚಿದರು.

“ಪೂಜಿ ಛಲೋ ಆತೇನ್ರಿ ಕಾಕಾ?” ಎಂದಳು ಫರಹತ.

“ಲಗೂ ಬಾರವಾ.”

“ನಾ ಯಾಕ? ನೀವ ಮಾಡ್ರಿ. ಮೂರೂ ಬಂದ್ ಮಾಡ್ರಿ. ಈಗ ಸ್ವಿಚ್ಚೊಂದ ಹಚ್ರಿ. ದೀಪ ಯಾವ ಬಣ್ಣ?”

“ಹಳದಿ.”

“ತಡೀರಿ. ಹರಾಜಿನ್ಯಾಗ ಕುಂತಂಗ ಅವಸರ ಮಾಡಬ್ಯಾಡ್ರಿ.”

ಹಸಿರಾಯಿತು. ಸ್ಟೋರೇಜು, ಆಮೇಲೆ ಸರ್ವರು. ಸ್ವಲ್ಪ ಹೊತ್ತಿಗೆ ಚಿತ್ರಗಳೆಲ್ಲ ಬಂದು ನಿಂತವು. ದುರಗಪ್ಪ ಬೆರಗಾದರು. ಮದ್ದನ್ನು ಹೀಗೆ ಪುಕ್ಕಟೆ ಬಿಟ್ಟುಕೊಡುವ ಕಳ್ಳಿ ಯಾವ ಊರವಳು?

“ಎಲ್ಲಾ ನನಗ ಕಲಿಸಿದ್ರ ನಿನ್ನ ಕೆಲಸ ಉಳೀತೈತೇನವಾ?”

“ಉಳೀತೈತ್ರಿ. ಬ್ಯಾಡ ಅಂದದ್ದನ್ನ ಮಾಡೂದು, ಅದೂ ನಿಮ್ಮೊಳಗಿನ ಗೊತ್ತಿರೋ ದೋಷನ. ಸ್ವಿಚ್ಚಿಗರ ತಿದ್ದಿದ್ದು ಬಂದೈತಿ, ಕಾಕಾಗ ಇನ್ನೂ ಬಂದಿಲ್ಲ.”

ಗುತ್ತಿಗೆ ಮುಂದುವರಿಯಿತು. ಚಿತ್ರ ಮರಳಿದ್ದು ಪೂಜೆಯ ಫಲವೆಂದು ದುರಗಪ್ಪ ಅಮರಗೋಳದಲ್ಲೆಲ್ಲ ಹೇಳಿಕೊಂಡರು. ಆದರೆ ಫರಹತಳನ್ನು ಕಳ್ಳಿ ಎಂದು ಕಂಡದ್ದಕ್ಕೆ ಅವರು ಅವಳ ಕ್ಷಮೆ ಕೇಳಬೇಕಾಗಿದೆ. ಇನ್ನೂ ಕೇಳಿಲ್ಲ.